ಊರಿನ ಬ್ಯಾಂಕು, ಪರದೇಶದಲ್ಲಿ ಸಾಕ್ಷಿ

ಊರಿನಲ್ಲೇ ಹುಟ್ಟಿ ಊರಿನಲ್ಲೇ ಬಾಳುವವನಿಗೆ ತಾನು ಯಾರೆಂದು ರುಜುವಾತು ಮಾಡುವ ಪ್ರಸಂಗ ಅಷ್ಟಾಗಿ ಬರುವುದಿಲ್ಲ. ಯಾರಾದರೂ ಕೇಳಿದರೆ ಪಟೇಲರು ಹೇಳುತ್ತಾರೆ, ದಿನಸಿ ಅಂಗಡಿಯವರು ಹೇಳುತ್ತಾರೆ, ದೇವಸ್ಥಾನದ ಭಟ್ಟರು ಹೇಳುತ್ತಾರೆ. ಊರು ಬಿಟ್ಟು ಮುಂಬಯಿಗೆ ಬಂದವನಿಗೆ, ಮುಂಬಯಿಯನ್ನೂ ದಾಟಿ ಹೊರದೇಶಕ್ಕೆ ಹೋದವನಿಗೆ ಈ ಬಾಯಿಸಾಕ್ಷಿ ಇಲ್ಲ. ಅವನ ಪರವಾಗಿ ಮಾತನಾಡಬೇಕಾದದ್ದು ಕಾಗದ. ಮಗಳ ವಿದೇಶ ವ್ಯಾಸಂಗವಿರಲಿ, ವೀಸಾ ಇರಲಿ, ತೀರಿಕೊಂಡ ತಂದೆಯ ಠೇವಣಿ ಇರಲಿ, “ಬ್ಯಾಂಕಿನಿಂದ ಒಂದು ಸರ್ಟಿಫಿಕೇಟು ತನ್ನಿ” ಎಂಬ ಮಾತನ್ನು ಕೇಳದ ಮನೆ ನಮ್ಮ ಮಾಟುಂಗದ ಕನ್ನಡಿಗರಲ್ಲಿ ಅಪರೂಪವೇ ಸರಿ.

ಬ್ಯಾಂಕಿನ ಒಂದು ಹಾಳೆಗೆ ಇಷ್ಟು ಬಲ ಎಲ್ಲಿಂದ ಬಂತು? ನಮ್ಮವರ ಬಾಳಿನಲ್ಲಿ ಅದು ಹೇಗೆ ಸೇರಿಕೊಂಡಿತು? ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗದಿಂದಾಗಿ ನಾನು ಇದನ್ನು ಹುಡುಕಿ ಓದಬೇಕಾಯಿತು. ಆ ಪ್ರಸಂಗಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾಗದದ ಕಥೆ.

ಹುಂಡಿಯಿಂದ ಲೆಡ್ಜರಿಗೆ

ಬ್ಯಾಂಕುಗಳು ಬರುವುದಕ್ಕೆ ಮುಂಚೆ ದೂರದೂರಿಗೆ ಹಣ ತಲುಪಿಸುತ್ತಿದ್ದುದು ಹುಂಡಿ. ತೋರಿಸಿದೊಡನೆ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಗೊತ್ತುಪಡಿಸಿದ ದಿನಗಳು ಕಳೆದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಹುಂಡಿ ಕಳೆದುಹೋದರೆ ಎರಡನೆಯ ಪ್ರತಿ ಬರೆದುಕೊಡುವ ಪದ್ಧತಿಯೂ ಇತ್ತು. ಅದಕ್ಕೆ ಪೇಠ್ ಎನ್ನುತ್ತಿದ್ದರು. ಅಂದರೆ ‘ನಕಲು ಪ್ರತಿ ಕೊಡಿ’ ಎಂದು ಬೇಡುವ ಕಷ್ಟ ನಮ್ಮ ಕಾಲದ್ದು ಮಾತ್ರವಲ್ಲ. ಆದರೆ ಹುಂಡಿ ಎಂಬುದು ಸಾಹುಕಾರರು ಪರಸ್ಪರ ಇಟ್ಟುಕೊಂಡಿದ್ದ ನಂಬಿಕೆ. ಹೋಟೆಲಿನ ಮಾಣಿಗೂ ಗಿರಣಿಯ ಕೂಲಿಗೂ ಅದು ಎಟುಕುತ್ತಿರಲಿಲ್ಲ. ಅಂಥವರ ಪಾಲಿಗೆ ಒದಗಿದ್ದು 1880ರಲ್ಲಿ ಅಂಚೆ ಇಲಾಖೆ ಆರಂಭಿಸಿದ ಮನಿಯಾರ್ಡರು. ಊರಿನಲ್ಲಿ ತಾಯಿ ಹೆಬ್ಬೆಟ್ಟು ಒತ್ತಿ ಹಣ ಪಡೆದ ರಸೀತಿ ತಿರುಗಿ ಮುಂಬಯಿಗೆ ಬಂದಾಗ, ಎಷ್ಟೋ ಮಂದಿಗೆ ಜೀವನದಲ್ಲಿ ಕೈಸೇರಿದ ಮೊದಲ ಸರಕಾರಿ ಕಾಗದ ಅದೇ ಆಗಿತ್ತು.

ಬ್ಯಾಂಕಿನ ಕಾಗದಕ್ಕೆ ಕಾನೂನಿನ ಬಲ ಬಂದದ್ದು 1891ರಲ್ಲಿ. ಆ ವರ್ಷದ 18ನೆಯ ಕಾಯಿದೆಯೇ ಬ್ಯಾಂಕರುಗಳ ಪುಸ್ತಕಗಳ ಸಾಕ್ಷ್ಯ ಕಾಯಿದೆ. ದಿನನಿತ್ಯ ಬಳಸುವ ಮೂಲ ಲೆಡ್ಜರನ್ನೇ ಕೋರ್ಟಿಗೆ ಹೊತ್ತು ತಂದರೆ ಬ್ಯಾಂಕಿನ ಕೆಲಸ ನಡೆಯುವುದು ಹೇಗೆ? ಆದ್ದರಿಂದ ದೃಢೀಕೃತ ನಕಲು ಮೂಲ ಪುಸ್ತಕದ ಸ್ಥಾನದಲ್ಲಿ ನಿಲ್ಲಬಹುದೆಂದು ಈ ಕಾಯಿದೆ ಒಪ್ಪಿತು. ಆದರೆ ನಕಲಿನ ಕೆಳಗೆ ಕೆಲವು ಮಾತುಗಳನ್ನು ಬರೆಯಲೇಬೇಕು: ಇದು ಲೆಡ್ಜರಿನಲ್ಲಿರುವ ದಾಖಲೆಯ ಸರಿಯಾದ ನಕಲು; ಆ ದಾಖಲೆ ಬ್ಯಾಂಕಿನ ಮಾಮೂಲು ಪುಸ್ತಕಗಳಲ್ಲೊಂದರಲ್ಲಿದೆ; ವ್ಯವಹಾರದ ಸಹಜ ಕ್ರಮದಲ್ಲಿ ಅದನ್ನು ಬರೆಯಲಾಗಿದೆ; ಆ ಪುಸ್ತಕ ಈಗಲೂ ಬ್ಯಾಂಕಿನ ವಶದಲ್ಲಿದೆ. ಇದರಡಿಯಲ್ಲಿ ಮುಖ್ಯ ಲೆಕ್ಕಿಗ ಅಥವಾ ಮ್ಯಾನೇಜರು ತಾರೀಖು ಹಾಕಿ, ತನ್ನ ಹೆಸರು ಮತ್ತು ಹುದ್ದೆ ಬರೆದು ಸಹಿ ಮಾಡಬೇಕು.

ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತನಾಗಿ ಫೈಲುಗಳ ನಡುವೆ ಕಾಲ ಕಳೆದವನು ನಾನು. ಈ ಕಲಮನ್ನು ಓದಿದಾಗ ನನಗೆ ಹೊಳೆದದ್ದಿಷ್ಟು: ಬಲ ಇರುವುದು ಕಾಗದದಲ್ಲೂ ಅಲ್ಲ, ಠಸ್ಸೆಯಲ್ಲೂ ಅಲ್ಲ. ಅದರ ಹಿಂದೆ ಒಂದು ಲೆಡ್ಜರು ಇದೆ, ಅದನ್ನು ನೋಡಿ ತನ್ನ ಹೆಸರನ್ನು ಪಣಕ್ಕಿಟ್ಟು ರುಜು ಮಾಡಿದ ಒಬ್ಬ ಮನುಷ್ಯನಿದ್ದಾನೆ ಎಂಬುದರಲ್ಲಿ ಇದೆ. “ಪುಸ್ತಕ ಈಗಲೂ ನಮ್ಮ ವಶದಲ್ಲಿದೆ” ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕಾಗಿ ವಿನಂತಿ. ಅದರ ಬೆಲೆ ಮುಂದೆ ತಿಳಿಯುತ್ತದೆ.

ನಮ್ಮ ಬ್ಯಾಂಕುಗಳು, ನಮ್ಮ ಮಾಟುಂಗ

ಕಾಯಿದೆಯಾಗಿ 15 ವರ್ಷಗಳಲ್ಲೇ ಕರಾವಳಿಯಲ್ಲಿ ಬ್ಯಾಂಕುಗಳು ಹುಟ್ಟತೊಡಗಿದವು. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಆರಂಭವಾಯಿತು. ಮೊದಲ ದಿನ ಮುಗಿದಾಗ ಅಲ್ಲಿ ಸಂಗ್ರಹವಾಗಿದ್ದುದು 38 ರೂಪಾಯಿ 13 ಆಣೆ 2 ಪೈ. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ಹೆಸರಾದದ್ದು ಇದೇ. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಸ್ಥಾಪಿಸಿದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಘಟ್ಟದ ಮೇಲೆ 1913ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಮೈಸೂರು ಬ್ಯಾಂಕು ಬಂತು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈಗಳು 8,000 ರೂಪಾಯಿ ಬಂಡವಾಳದಿಂದ ತೊಡಗಿಸಿದ ಸಿಂಡಿಕೇಟ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕು ಹೀಗೆ ಒಂದರ ಹಿಂದೊಂದು ತಲೆಯೆತ್ತಿದವು. 1928ರಲ್ಲಿ ಸಿಂಡಿಕೇಟಿನವರು ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ 2 ಆಣೆಯಷ್ಟು ಸಣ್ಣ ಮೊತ್ತವನ್ನೂ ತೆಗೆದುಕೊಂಡು ಬರೆದುಕೊಳ್ಳುತ್ತಿದ್ದರು. ಬಡವನ ಹೆಸರಿಗೂ ಬ್ಯಾಂಕಿನ ಲೆಡ್ಜರಿನಲ್ಲಿ ಒಂದು ಪುಟ ತೆರೆಯಿತು.

ಇತ್ತ ಮುಂಬಯಿಯಲ್ಲಿ 1896ರ ಪ್ಲೇಗಿನ ಹಾವಳಿಯ ತರುವಾಯ, 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪನೆಯಾಯಿತು. ದಾದರ, ಮಾಟುಂಗಗಳ ಅಗಲವಾದ ಬೀದಿಗಳೂ ಉದ್ಯಾನಗಳೂ ಅದು ಹಾಕಿದ ಯೋಜನೆಯ ಫಲ. ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟರು, ಉಪಾಧ್ಯಾಯರು, ಹೋಟೆಲಿನವರು ಇಲ್ಲಿ ನೆಲೆನಿಂತರು. 1926ರಲ್ಲಿ ಮೈಸೂರು ಅಸೋಸಿಯೇಶನ್ ಹುಟ್ಟಿತು. 1942ರಲ್ಲಿ ರೈಲು ನಿಲ್ದಾಣದ ಬಳಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಬಂತು. ಊರಿನ ಬ್ಯಾಂಕುಗಳ ಶಾಖೆಗಳೂ ಊರಿನವರ ಬೆನ್ನು ಹಿಡಿದು ಮುಂಬಯಿಗೆ ಬಂದವು.

ಹಿಂದೆ ಖಾತೆ ತೆರೆಯಬೇಕಾದರೆ ‘ಪರಿಚಯಿಸುವವರ ಸಹಿ’ ಎಂದೊಂದು ಜಾಗವಿರುತ್ತಿತ್ತು. ಆ ಶಾಖೆಯಲ್ಲಿ ಮೊದಲೇ ಖಾತೆಯುಳ್ಳ ಒಬ್ಬರು, “ಇವರನ್ನು ನಾನು ಬಲ್ಲೆ” ಎಂದು ರುಜು ಹಾಕಬೇಕಿತ್ತು. ಹೊಸದಾಗಿ ಬಂದ ಹುಡುಗನನ್ನು ಊರಿನ ಹಿರಿಯರೊಬ್ಬರು ಶಾಖೆಗೆ ಕರೆದೊಯ್ಯುತ್ತಿದ್ದರು. ಗುಮಾಸ್ತರು ಅವನ ಭಾಷೆಯಲ್ಲೇ ಊರು, ಮನೆ ಕೇಳಿ ಬರೆದುಕೊಳ್ಳುತ್ತಿದ್ದರು. ಊರಿನ ಪಟೇಲರ ಬಾಯಿಸಾಕ್ಷಿ ಬ್ಯಾಂಕಿನ ಅರ್ಜಿಗೆ ಇಳಿದು ಬಂದದ್ದು ಹೀಗೆ. ಮುಂದೆ 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾದಾಗ ಕೆನರಾ, ಸಿಂಡಿಕೇಟ್ ಅವುಗಳಲ್ಲಿ ಸೇರಿದ್ದವು. 1980ರ ಏಪ್ರಿಲ್ 15ರಂದು ಇನ್ನೂ 6 ಬ್ಯಾಂಕುಗಳ ಸರದಿ ಬಂದಾಗ ಕಾರ್ಪೊರೇಶನ್, ವಿಜಯಾ ಅವುಗಳೊಳಗಿದ್ದವು. ಹೀಗೆ ಸಣ್ಣ ಪೇಟೆಯ ಶಾಖೆಯ ಮೊಹರಿನ ಹಿಂದೆ ಭಾರತ ಸರಕಾರದ ಒಡೆತನವೂ ಬಂದು ನಿಂತಿತು.

ಕಡಲಾಚೆಯ ದುಡಿಮೆ

ಮಾಟುಂಗಕ್ಕೆ ಬಂದವರಲ್ಲಿ ಕೆಲವರು ಅಲ್ಲಿಗೇ ನಿಲ್ಲಲಿಲ್ಲ. ಆ ಕಾಲದಲ್ಲಿ ಕೊಲ್ಲಿ ದೇಶಗಳು ನಮಗೆ ಅಷ್ಟು ಅಪರಿಚಿತವೂ ಆಗಿರಲಿಲ್ಲ. ಕುವೈತಿನಲ್ಲಿ 1961ರವರೆಗೆ, ಬಹರೈನಿನಲ್ಲಿ 1965ರವರೆಗೆ, ದುಬೈಯಲ್ಲಿ 1966ರವರೆಗೆ ಚಲಾವಣೆಯಲ್ಲಿದ್ದುದು ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕು ಆ ನಾಡುಗಳಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. ಎಪ್ಪತ್ತರ ದಶಕದಲ್ಲಿ ಎಣ್ಣೆಯ ಬೆಲೆ ಏರಿದ ಮೇಲಂತೂ ನಮ್ಮ ಕರಾವಳಿಯ ಮನೆಗೊಬ್ಬರಂತೆ ವಿಮಾನ ಹತ್ತಿದರು.

ಅವರ ಹಣಕ್ಕೆಂದು 1970ರಲ್ಲಿ ಅನಿವಾಸಿಗಳ ವಿದೇಶೀ ಖಾತೆ ಬಂತು. ಜನ ಇದನ್ನು ಎನ್.ಆರ್.ಇ. ಖಾತೆ ಎಂದೇ ಕರೆದರು. ಹೊರದೇಶದಿಂದ ಬಂದ ಹಣವನ್ನು ಈ ಖಾತೆಯಲ್ಲಿಟ್ಟರೆ ಅಸಲೂ ಬಡ್ಡಿಯೂ ಬೇಕೆಂದಾಗ ಹೊರಕ್ಕೆ ಒಯ್ಯಬಹುದಿತ್ತು. 1973ರ ವಿದೇಶೀ ವಿನಿಮಯ ನಿಯಂತ್ರಣ ಕಾಯಿದೆ 1974ರ ಜನವರಿ 1ರಿಂದ ಜಾರಿಗೆ ಬಂದಾಗ, ಯಾವ ಹಣ ಎಲ್ಲಿಂದ ಬಂತೆಂಬುದಕ್ಕೆ ಕಾಗದ ಇಟ್ಟುಕೊಳ್ಳುವುದು ಅನಿವಾರ್ಯವಾಯಿತು. 2000ದ ಜೂನ್ 1ರಿಂದ ಅದರ ಬದಲಿಗೆ ಸೌಮ್ಯವಾದ ಹೊಸ ಕಾಯಿದೆ ಬಂದಿದೆ. ಆದರೂ ಕಾಗದದ ಅಗತ್ಯ ತಪ್ಪಿಲ್ಲ.

ನನ್ನ ಚಿಕ್ಕಪ್ಪ 1979ರಲ್ಲಿ ಕುವೈತಿಗೆ ಹೋದರು. ಊರಿನ ಶಾಖೆಯ ಖಾತೆಗೆ ತಿಂಗಳು ತಪ್ಪದೆ ಡ್ರಾಫ್ಟು ಬರುತ್ತಿತ್ತು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಅಲ್ಲಿದ್ದ ಭಾರತೀಯರು ಸುಮಾರು 1,70,000. ಬಹಳ ಮಂದಿ ಮರುಭೂಮಿಯ ದಾರಿಯಲ್ಲಿ ಬಾಗ್ದಾದಿನ ಮೂಲಕ ಜೋರ್ಡಾನಿನ ಅಮ್ಮಾನ್ ಸೇರಿದರು. ಆಗಸ್ಟ್ 13ರಿಂದ ಅಕ್ಟೋಬರ್ 11ರವರೆಗೆ 59 ದಿನಗಳಲ್ಲಿ ಏರ್ ಇಂಡಿಯಾ 488 ಹಾರಾಟಗಳಲ್ಲಿ 1,11,711 ಜನರನ್ನು ಕರೆತಂದಿತು. ಅಮ್ಮಾನಿನಿಂದ ಹೊರಟ ವಿಮಾನಗಳು ಬಂದಿಳಿಯುತ್ತಿದ್ದುದು ನಮ್ಮ ಮುಂಬಯಿಯಲ್ಲೇ. ಐದನೆಯ ತರಗತಿಯ ಹುಡುಗನಾಗಿದ್ದ ನಾನು ತಂದೆಯವರೊಂದಿಗೆ ಸಹಾರ್ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಚಿಕ್ಕಪ್ಪನ ಕೈಯಲ್ಲಿ ಒಂದೇ ಚೀಲ. ಮನೆಗೆ ಬಂದು ಬಿಚ್ಚಿದಾಗ ಅದರೊಳಗೆ ಎರಡು ಜೊತೆ ಬಟ್ಟೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪಾಸುಪೋರ್ಟು, ಊರಿನ ಬ್ಯಾಂಕಿನ ಪಾಸುಪುಸ್ತಕ, ಒಂದಷ್ಟು ಡ್ರಾಫ್ಟಿನ ರಸೀತಿಗಳು ಇದ್ದವು. “ಟೀವಿ, ಫ್ರಿಜ್ಜು ಎಲ್ಲ ಹೋಯಿತು ಅಣ್ಣ, ಇದೊಂದನ್ನು ಬಿಡಲಿಲ್ಲ” ಎಂದು ಅವರು ತಂದೆಯವರಿಗೆ ಹೇಳಿದ್ದು ನನಗೆ ಇಂದಿಗೂ ನೆನಪಿದೆ.

1991ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಲಿ ಪರಿಹಾರ ಆಯೋಗವೊಂದನ್ನು ನೇಮಿಸಿತು. ಕುವೈತ್ ಬಿಟ್ಟು ಹೊರಡಬೇಕಾಯಿತೆಂದು ತೋರಿಸಿದರೆ ಒಬ್ಬನಿಗೆ 2,500 ಡಾಲರಿನಿಂದ ಆರಂಭವಾಗುವ ನಿಶ್ಚಿತ ಮೊತ್ತ. ಸಂಬಳ, ಸಾಮಾನು, ಬ್ಯಾಂಕಿನ ಹಣ ಮುಂತಾದ ನಷ್ಟಕ್ಕೆ 1,00,000 ಡಾಲರಿನವರೆಗೆ ಇನ್ನೊಂದು ವರ್ಗ. ಆದರೆ ಅದಕ್ಕೆ ತಕ್ಕ ಪುರಾವೆ ಬೇಕು. ಕುವೈತಿನ ಕಂಪೆನಿಯ ಕಚೇರಿ ಸುಟ್ಟುಹೋಗಿದೆ, ಸಂಬಳದ ಚೀಟಿ ಯಾರು ಕೊಡಬೇಕು? ತಂದೆಯವರು ಊರಿನ ಶಾಖೆಗೆ ಪತ್ರ ಬರೆದರು. ಮೂರು ವಾರಗಳಲ್ಲಿ ರಿಜಿಸ್ಟರ್ಡ್ ಲಕೋಟೆ ಬಂತು. 1979ರಿಂದ 1990ರವರೆಗೆ ಕುವೈತಿನಿಂದ ಜಮೆಯಾದ ಪ್ರತಿಯೊಂದು ಮೊತ್ತವನ್ನೂ ತಾರೀಖುವಾರು ಟೈಪು ಮಾಡಿ, ಲೆಡ್ಜರಿನೊಂದಿಗೆ ತಾಳೆ ನೋಡಿದ್ದೇವೆಂದು ಮ್ಯಾನೇಜರು ಸಹಿ ಹಾಕಿದ್ದರು. ಕೊನೆಯಲ್ಲಿ ಕೇಳದೆಯೇ ಇನ್ನೊಂದು ವಾಕ್ಯ ಸೇರಿಸಿದ್ದರು: ನಮ್ಮ ಪುಸ್ತಕದಲ್ಲಿ ಇನಿಷಿಯಲ್ಲಿನಿಂದಿರುವ ಹೆಸರೂ, ಇಂತಿಂಥ ಪಾಸುಪೋರ್ಟಿನಲ್ಲಿ ವಿಸ್ತಾರವಾಗಿರುವ ಹೆಸರೂ ಒಬ್ಬರದೇ. ತಂದೆಯವರು ಎರಡು ಪ್ರತಿ ಕೇಳಿದ್ದರು, ಎರಡಕ್ಕೂ ಸಹಿ ಇತ್ತು. ಒಂದು ಅರ್ಜಿಯೊಂದಿಗೆ ದೆಹಲಿಗೆ ಹೋಯಿತು, ಇನ್ನೊಂದು ನಮ್ಮ ಟ್ರಂಕು ಸೇರಿತು. ವರ್ಷಗಳೇ ಕಳೆದ ಮೇಲೆ ಪರಿಹಾರ ಬಂತು. ಆಯೋಗ ಒಟ್ಟಿನಲ್ಲಿ ಸುಮಾರು 15 ಲಕ್ಷ ಹಕ್ಕುದಾರರಿಗೆ 52.4 ಶತಕೋಟಿ ಡಾಲರು ಮಂಜೂರು ಮಾಡಿತು. ಇರಾಕ್ ಅದರ ಕೊನೆಯ ಕಂತನ್ನು ಕಟ್ಟಿ ಮುಗಿಸಿದ್ದು 2022ರಲ್ಲಿ.

ಬೋರ್ಡು ಬದಲಾಯಿತು

ಅದೇ 2022ರಲ್ಲಿ ಚಿಕ್ಕಪ್ಪ ತೀರಿಕೊಂಡರು. ಊರಿನ ಶಾಖೆಯಲ್ಲಿ ಅವರ ಒಂದು ಠೇವಣಿ ಇತ್ತು. ನಾಮನಿರ್ದೇಶನ ಇರಲಿಲ್ಲ. ಅವರ ಮಗ ಕೆನಡದಲ್ಲಿದ್ದಾನೆ. ಅವನು ಟೊರಾಂಟೊದ ನಮ್ಮ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಮುಖ್ತಿಯಾರ್ ಪತ್ರವನ್ನು ನನ್ನ ಹೆಸರಿಗೆ ಕಳಿಸಿದ. ಹೊರದೇಶದಲ್ಲಿ ಮಾಡಿದ ಇಂಥ ಪತ್ರ ಭಾರತಕ್ಕೆ ಬಂದ 3 ತಿಂಗಳೊಳಗೆ ಅದಕ್ಕೆ ಸ್ಟಾಂಪು ಸುಂಕ ಕಟ್ಟಬೇಕೆಂದು 1899ರ ಸ್ಟಾಂಪು ಕಾಯಿದೆ ಹೇಳುತ್ತದೆ; ಕಟ್ಟಿದೆ. ರಜೆ ಹಾಕಿ ಊರಿಗೆ ಹೋದೆ.

ಶಾಖೆಯ ಬೋರ್ಡು ಬದಲಾಗಿತ್ತು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. 2019ರ ಅದೇ ದಿನ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಅದೇ ದಿನ ಸಿಂಡಿಕೇಟು ಕೆನರಾದಲ್ಲಿ, ಕಾರ್ಪೊರೇಶನ್ನು ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಮೇಲೆ ಹೇಳಿದ ಬ್ಯಾಂಕುಗಳಲ್ಲಿ ಸ್ವಂತ ಹೆಸರಿನಿಂದ ಉಳಿದವು ಕೆನರಾ ಮತ್ತು ಕರ್ಣಾಟಕ, ಎರಡೇ. ಹೆಸರು ಹೋದರೂ ಹೊಣೆ ಹೋಗುವುದಿಲ್ಲ. ವಿಲೀನದ ಆದೇಶದ ಪ್ರಕಾರ ಠೇವಣಿಯೂ ಸಾಲವೂ ದಾಖಲೆಯೂ ಹೊಸ ಬ್ಯಾಂಕಿಗೆ ವರ್ಗವಾಗುತ್ತವೆ. ನಾನು ಹೋದ ಶಾಖೆಯ ಮ್ಯಾನೇಜರೂ ಇದನ್ನು ಒಪ್ಪಿದರು. ಉತ್ತರ ಭಾರತದಿಂದ ವರ್ಗವಾಗಿ ಬಂದಿದ್ದ ಸಜ್ಜನರು. ತೊಡಕು ಬೇರೆಯೇ ಇತ್ತು. ಠೇವಣಿ ಇರುವುದು ಇನಿಷಿಯಲ್ಲಿನ ಹೆಸರಿನಲ್ಲಿ, ಮರಣಪತ್ರ ಇರುವುದು ಪಾಸುಪೋರ್ಟಿನ ಉದ್ದನೆಯ ಹೆಸರಿನಲ್ಲಿ. ನಮ್ಮಲ್ಲಿ ಊರಿನ ಒಂದಕ್ಷರ, ತಂದೆಯ ಒಂದಕ್ಷರ ಸೇರಿಸಿ ಹೆಸರು ಬರೆಯುವುದು ವಾಡಿಕೆಯೆಂದು ನಾನು ಹೇಳಿದೆ. “ನಿಜವಿರಬಹುದು, ಆದರೆ ಇಬ್ಬರೂ ಒಬ್ಬರೇ ಎಂದು ನಾನು ಯಾವ ಆಧಾರದ ಮೇಲೆ ಬರೆಯಲಿ?” ಎಂದು ಅವರು ಕೇಳಿದರು. ಖಾತೆ ತೆರೆದ ಅರ್ಜಿ, ಪರಿಚಯಿಸಿದವರ ಸಹಿ, ಹಳೆಯ ಲೆಡ್ಜರು ಯಾವುದೂ ಸಿಗಲಿಲ್ಲ.

ಅವರನ್ನು ದೂರುವಂತಿರಲಿಲ್ಲ. 1985ರ ನಿಯಮಗಳ ಪ್ರಕಾರ ಬ್ಯಾಂಕುಗಳು ಕೆಲವು ಪುಸ್ತಕಗಳನ್ನು ಕನಿಷ್ಠ 5 ವರ್ಷ, ಗ್ರಾಹಕರ ಲೆಡ್ಜರಿನಂಥವನ್ನು ಕನಿಷ್ಠ 8 ವರ್ಷ ಕಾಪಾಡಬೇಕು. ಅದರಾಚೆ ಕಾಪಾಡುವ ಕಟ್ಟು ಸಾಮಾನ್ಯವಾಗಿ ಇಲ್ಲ. “ಪುಸ್ತಕ ಈಗಲೂ ನಮ್ಮ ವಶದಲ್ಲಿದೆ” ಎಂದು 1891ರ ಕಾಯಿದೆ ಕೇಳಿದ ಮಾತನ್ನು ಹೇಳಲು ಅಲ್ಲಿ ಪುಸ್ತಕವೇ ಇರಲಿಲ್ಲ!

ಮಾಟುಂಗಕ್ಕೆ ಬಂದು ಟ್ರಂಕು ತೆಗೆದೆ. 1991ರ ಆ ಎರಡನೆಯ ಪ್ರತಿ, ತಂದೆಯವರು ಮಡಿಸಿಟ್ಟ ಮಡಿಕೆಯಲ್ಲೇ ಇತ್ತು. ಹಳೆಯ ಖಾತೆ ನಂಬರು, ಎರಡೂ ಹೆಸರು, ಪಾಸುಪೋರ್ಟಿನ ನಂಬರು, ಸಹಿ, ಮೊಹರು ಎಲ್ಲವೂ ಸ್ಪಷ್ಟ. 30 ವರ್ಷ ಹಳೆಯದಾದ ದಸ್ತಾವೇಜು ಇರಬೇಕಾದ ಕೈಯಿಂದಲೇ ಬಂದರೆ ಅದರ ಸಹಿಯನ್ನು ನಿಜವೆಂದು ಭಾವಿಸಬಹುದೆಂದು 1872ರ ಸಾಕ್ಷ್ಯ ಕಾಯಿದೆಯ 90ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯಿದೆಯಲ್ಲೂ ಆ ನಿಯಮ ಉಳಿದಿದೆ. ನಮ್ಮ ಕಾಗದಕ್ಕೆ ಆಗಲೇ 30 ತುಂಬಿತ್ತು. ಮ್ಯಾನೇಜರು ಅದನ್ನು ಎರಡು ಸಲ ಓದಿ ಮೇಲಿನ ಕಚೇರಿಗೆ ಕಳಿಸಿದರು. ಕೆಲವು ತಿಂಗಳುಗಳಲ್ಲಿ ಮರಣದ ದಿನದ ಬಾಕಿಯ ಪ್ರಮಾಣಪತ್ರವೂ, ಆಮೇಲೆ ಹಣವೂ ಬಂತು. ಯಾರೂ ಕೇಳದಿದ್ದರೂ ಒಂದು ವಾಕ್ಯ ಹೆಚ್ಚಾಗಿ ಬರೆದ ಆ ಮ್ಯಾನೇಜರನ್ನು ನಾವು ಯಾರೂ ಕಂಡವರಲ್ಲ.

ನಾವು ಮಾಡಬೇಕಾದದ್ದು

ಈಗ ಖಾತೆಯ ವಿವರ ಮನೆಯಲ್ಲೇ ಗಣಕಯಂತ್ರದಲ್ಲಿ ಸಿಗುತ್ತದೆ. ಅದರ ಅಡಿಯಲ್ಲಿ ‘ಇದಕ್ಕೆ ಸಹಿಯ ಅಗತ್ಯವಿಲ್ಲ’ ಎಂದು ಅಚ್ಚಾಗಿರುತ್ತದೆ. ಪರದೇಶದ ಕಚೇರಿಯವರು ಆದರೂ ಸಹಿ, ಮೊಹರು ಕೇಳಬಹುದು. 2000ದಲ್ಲಿ 1891ರ ಕಾಯಿದೆಗೆ ತಿದ್ದುಪಡಿಯಾಗಿ ಗಣಕಯಂತ್ರದ ಪ್ರತಿಗಳೂ ಸಾಕ್ಷ್ಯವಾಗಬಹುದೆಂದು ಒಪ್ಪಿದಾಗಲೂ, ಅದರೊಂದಿಗೆ ಮ್ಯಾನೇಜರ ಮತ್ತು ಯಂತ್ರದ ಹೊಣೆ ಹೊತ್ತವರ ಪ್ರಮಾಣಪತ್ರ ಬೇಕೆಂದೇ ಇದೆ. ಮನುಷ್ಯನ ರುಜುವನ್ನು ಕಾನೂನು ಕೈಬಿಟ್ಟಿಲ್ಲ.

ಆದ್ದರಿಂದ ವಾಚಕರಲ್ಲಿ ಕೆಲವು ವಿನಂತಿಗಳು. ವಿಲೀನವಾದ ಬ್ಯಾಂಕುಗಳ ಹಳೆಯ ಪಾಸುಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಹಳೆಯ ಖಾತೆ ನಂಬರು ಇರುವುದು ಅದರಲ್ಲೇ. 8 ವರ್ಷ ಮುಗಿಯುವ ಮುನ್ನ ಬೇಕಾದ ವಿವರಗಳನ್ನು ಸಹಿ ಹಾಕಿಸಿ ಪಡೆಯಿರಿ, ಎರಡು ಪ್ರತಿ ಕೇಳಿರಿ. ಪಾಸುಪುಸ್ತಕದ ಹೆಸರೂ ಪಾಸುಪೋರ್ಟಿನ ಹೆಸರೂ ಬೇರೆಯಿದ್ದರೆ ಹಿರಿಯರು ಬದುಕಿರುವಾಗಲೇ ಸರಿಪಡಿಸಿರಿ. ನಾಮನಿರ್ದೇಶನ ಮಾಡಿರಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ಹೆಸರಿಸಬಹುದು. 10 ವರ್ಷ ಮುಟ್ಟದೆ ಬಿಟ್ಟ ಖಾತೆಯ ಹಣ 2014ರಲ್ಲಿ ರಿಸರ್ವ್ ಬ್ಯಾಂಕು ಸ್ಥಾಪಿಸಿದ ನಿಧಿಗೆ ಹೋಗುತ್ತದೆ, ನಿಜ; ಆದರೆ ಹಕ್ಕು ಹೋಗುವುದಿಲ್ಲ. ಅಂಥ ಖಾತೆಗಳನ್ನು ಹುಡುಕಲು 2023ರಲ್ಲಿ ಉದ್ಗಮ್ ಎಂಬ ಜಾಲತಾಣವನ್ನೂ ಅದು ತೆರೆದಿದೆ.

ಕೊನೆಯದಾಗಿ ಒಂದು ಸೂಚನೆ. ಬ್ಯಾಂಕುಗಳಿಂದ ನಿವೃತ್ತರಾದ ಹಿರಿಯರು ನಮ್ಮ ಸಂಘದಲ್ಲಿ ಅನೇಕರಿದ್ದಾರೆ. ಹಳೆಯ ಶಾಖೆ ಈಗ ಯಾವ ಹೆಸರಿನಲ್ಲಿ ಎಲ್ಲಿದೆ, ಯಾರಿಗೆ ಹೇಗೆ ಪತ್ರ ಬರೆಯಬೇಕು ಎಂಬುದನ್ನು ಅವರು ಬಲ್ಲಂತೆ ಬೇರೆ ಯಾರೂ ಬಲ್ಲವರಲ್ಲ. ತಿಂಗಳಿಗೊಂದು ಭಾನುವಾರ ಸಂಜೆ ಅವರು ಸಂಘದ ಕಚೇರಿಯಲ್ಲಿ ಎರಡು ಗಂಟೆ ಕುಳಿತರೆ, ಮಕ್ಕಳು ಹೊರದೇಶದಲ್ಲಿದ್ದು ತಾವೊಬ್ಬರೇ ಇಲ್ಲಿರುವ ಎಷ್ಟೋ ತಾಯಂದಿರಿಗೆ ಉಪಕಾರವಾದೀತು. ಬರೆಯುವ ಕೆಲಸಕ್ಕೆ ಒಬ್ಬ ಗುಮಾಸ್ತ ಬೇಕಾದರೆ ನಾನು ಸಿದ್ಧನಿದ್ದೇನೆ.